ಮರೆಮಾತು ಮತ್ತು ಮೃದುಮಾತು

ಸಾಮಾಜಿಕ ಜಾಲತಾಣಗಳಿಂದ ಇಂಗ್ಲಿಷು ಕೆಡುತ್ತಿದೆಯೆಂದು ಹಿರಿಯರು ದೂರುವಾಗ ಮೊದಲು ಬೈಸಿಕೊಳ್ಳುವುವು ಮೊಟಕು ಮಾತುಗಳು. ಆ ದೂರಿನಲ್ಲಿ ಹುರುಳು ಕಡಿಮೆ. ಇಂದಿನ ಹುಡುಗರ ‘ಓಎಂಜಿ’ಯನ್ನು 1917ರಲ್ಲಿಯೇ ಬ್ರಿಟಿಷ್ ನೌಕಾದಳದ ಲಾರ್ಡ್ ಫಿಷರ್ ಅವರು ಚರ್ಚಿಲ್ಲರಿಗೆ ಬರೆದ ಪತ್ರದಲ್ಲಿ ಬಳಸಿದ್ದರು. ‘ಅನ್‌ಫ್ರೆಂಡ್’ ಎಂಬ ಕ್ರಿಯಾಪದವೂ ಫೇಸ್‌ಬುಕ್ಕಿನ ಸೃಷ್ಟಿಯಲ್ಲ. 17ನೆಯ ಶತಮಾನದಷ್ಟು ಹಿಂದೆಯೇ ಅದು ಪ್ರಯೋಗದಲ್ಲಿತ್ತು. ಭಾಷೆ ಬದಲಾಗುವುದು ದೋಷವಲ್ಲ. ಯಾರಿಗೆ ಅಂಜಿ ಬದಲಾಗುತ್ತಿದೆ ಎಂಬುದು ಮಾತ್ರ ವಿಚಾರಾರ್ಹ.

ಟಿಕ್‌ಟಾಕ್ ಮೊದಲಾದ ತಾಣಗಳಲ್ಲಿ ಯಾವ ಮಾತು ಎಷ್ಟು ಜನರನ್ನು ಮುಟ್ಟಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಯಂತ್ರ. ಸಾವು, ಕೊಲೆ, ಆತ್ಮಹತ್ಯೆಗಳ ಹೆಸರೆತ್ತಿದರೆ ಆ ಯಂತ್ರ ತಮ್ಮ ಬರಹವನ್ನು ಮರೆಗೆ ತಳ್ಳೀತು, ಅಳಿಸೀತು ಎಂಬ ಭಯ ಬಳಸುವವರಲ್ಲಿ ಹುಟ್ಟಿತು. ಅದಕ್ಕೆ ಕಂಡುಕೊಂಡ ಉಪಾಯವೇ ‘ಅನ್‌ಅಲೈವ್’, ಅಂದರೆ ‘ಬದುಕಿಲ್ಲದಂತೆ ಮಾಡು’ ಎಂಬ ಪದ. 2013ರಲ್ಲಿ ಅಮೆರಿಕದ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸರಣಿಯೊಂದರಲ್ಲಿ ನಗೆಮಾತಾಗಿದ್ದುದು ಈಗ ಎಳೆಯರ ನಿತ್ಯದ ಸಂಭಾಷಣೆಗೂ ಇಳಿದಿದೆ. ಹೀಗೆ ವೇಷ ಮರೆಸಿದ ಮಾತುಗಳಿಗೆ ‘ಆಲ್ಗೊಸ್ಪೀಕ್’ ಎಂಬ ಹೆಸರೇ ಬಿದ್ದಿದೆ.

ಸಾವನ್ನು ಮೆಲ್ಲಗೆ ಹೇಳುವುದು ಹಳೆಯ ಸಂಪ್ರದಾಯವೇ ಸರಿ. ಕನ್ನಡಿಗರು ‘ತೀರಿಕೊಂಡರು’ ಎನ್ನುತ್ತಾರೆ, ಇಂಗ್ಲಿಷರು ‘ಪಾಸ್ಡ್ ಅವೇ’ ಎನ್ನುತ್ತಾರೆ. ಅಲ್ಲಿ ಹೇಳುವವನ ಕಣ್ಣು ಎದುರಿಗೆ ಕುಳಿತ ದುಃಖಿತನ ಮೇಲಿರುತ್ತದೆ. ಅವನ ಗಾಯ ಕೆದಕಬಾರದೆಂಬ ಕರುಣೆಯಿಂದ ಶಬ್ದ ಮೆದುವಾಗುತ್ತದೆ. ‘ಅನ್‌ಅಲೈವ್’ ಎಂಬುದರ ಹುಟ್ಟಿನಲ್ಲಿ ಆ ದುಃಖಿತನಿಲ್ಲ. ಅಲ್ಲಿರುವುದು ಕಾವಲುಗಾರನ ಕಣ್ಣು ತಪ್ಪಿಸುವ ಯುಕ್ತಿ.

ಹಾಗೆಂದು ಇದನ್ನು ಸತ್ಯವ್ರತಕ್ಕೆ ಭಂಗವೆನ್ನುವುದು ಕಠೋರವಾದೀತು. ಬದುಕಿನಲ್ಲಿ ಬೇಸತ್ತ ಹುಡುಗನೊಬ್ಬ ಈ ಮುಸುಕಿನ ಮರೆಯಲ್ಲಾದರೂ ತನ್ನ ಸಂಕಟವನ್ನು ತೋಡಿಕೊಂಡರೆ, ಕೇಳಿಸಿಕೊಳ್ಳುವವರು ಸಿಕ್ಕರೆ, ಅದೂ ಉಪಕಾರವೇ. ಆದರೆ ಅದೇ ಮುಸುಕು ಅವನಿಗೆ ಎರವಾಗಲೂ ಬಹುದು: ‘ಸೂಯಿಸೈಡ್’ ಎಂದು ಹುಡುಕಿದವರಿಗೆ ಹಲವು ತಾಣಗಳು ಸಹಾಯವಾಣಿಯನ್ನು ತೋರಿಸುತ್ತವೆ, ವೇಷ ಮರೆಸಿದ ಪದ ಆ ಬಾಗಿಲನ್ನು ತಟ್ಟದೆಯೇ ಮುಂದೆ ಹೋದೀತು. ಮನೆಯ ಹಿರಿಯರಿಗಂತೂ ಅದರ ಅರ್ಥವೇ ಹೊಳೆಯದು.

ಅಮೆರಿಕದ ಸಿಯಾಟಲ್ ನಗರದ ಪಾಪ್ ಸಂಸ್ಕೃತಿ ವಸ್ತುಸಂಗ್ರಹಾಲಯದಲ್ಲಿ 2024ರಲ್ಲಿ ಗಾಯಕ ಕರ್ಟ್ ಕೋಬೇನನ ಕುರಿತ ಫಲಕವೊಂದಿತ್ತು. 1994ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡವನು ಆತ. ಫಲಕದಲ್ಲಿ ಅವನು ತನ್ನನ್ನು ‘ಅನ್‌ಅಲೈವ್’ ಮಾಡಿಕೊಂಡನೆಂದು ಬರೆದಿತ್ತು. ಮನೋವ್ಯಥೆಯಿಂದ ಮಡಿದವರ ಬಗೆಗಿನ ಗೌರವವೆಂಬ ಸಮಾಧಾನವನ್ನೂ ಕೊಟ್ಟಿದ್ದರು. ಓದಿದವರಲ್ಲಿ ಅನೇಕರು ಆಕ್ಷೇಪಿಸಿದರು. ಆ ಗೋಡೆಯ ಬಳಿ ಅಂಜಬೇಕಾದ ಯಂತ್ರ ಯಾವುದೂ ಇರಲಿಲ್ಲ.