ಓಟು ಮುಯ್ಯಿ ಅಲ್ಲ

ಸಂಕ್ರಾಂತಿ ಹತ್ತಿರ ಬಂತೆಂದರೆ ಕೆಂಗೇರಿ ಉಪನಗರದಂಥ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಕೋರಿಕೆಗಳು ಓಡಾಡತೊಡಗುತ್ತವೆ. ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಮನೆಯಲ್ಲೇ ಮಾಡಿದ್ದೇವೆ, ಬೇಕಾದವರು ಹೇಳಿ ಎಂಬುದು ಒಂದು. ರಂಗೋಲಿ ಸ್ಪರ್ಧೆಗೆ ನಮ್ಮ ಹುಡುಗಿ ಫೋಟೊ ಹಾಕಿದ್ದಾಳೆ, ಲಿಂಕ್ ಒತ್ತಿ ಒಂದು ಓಟು ಹಾಕಿ ಎಂಬುದು ಇನ್ನೊಂದು. ಕಳಿಸುವವರು ಪರಿಚಿತರು, ಎರಡರ ಕೊನೆಗೂ ‘ಸಪೋರ್ಟ್ ಮಾಡಿ’ ಎಂಬ ಒಂದೇ ಮಾತು. ಅಚ್ಚು ಕೊಂಡರೆ ನೂರಿನ್ನೂರು ರೂಪಾಯಿ ಖರ್ಚು, ಓಟಿಗೆ ಕಾಸಿಲ್ಲ. ಹಾಗಾಗಿ ಓಟು ಸುಲಭವಾಗಿ ಬೀಳುತ್ತದೆ, ಅಚ್ಚಿನ ವಿಷಯಕ್ಕೆ ಬಂದರೆ ‘ನೋಡಿ ಹೇಳ್ತೀನಿ’ ಎನ್ನುತ್ತೇವೆ. ಧರ್ಮದ ಕಣ್ಣಿಂದ ನೋಡಿದರೆ ಇದು ತಿರುಗುಮುರುಗು. ದುಡ್ಡು ನನ್ನದು, ಪ್ರೀತಿ ಇದ್ದವರಿಗೆ ಕೊಡುವ ಹಕ್ಕು ನನಗಿದೆ. ಯಾವ ರಂಗೋಲಿ ಚೆಂದ ಎಂಬ ತೀರ್ಪು ಮಾತ್ರ ಪೂರ್ತಿ ನನ್ನದಲ್ಲ. ಅದರಲ್ಲಿ ಬೆಳಗಿನ ಜಾವ ಎದ್ದು ಅಂಗಳ ಸಾರಿಸಿ ಚುಕ್ಕಿ ಇಟ್ಟ, ನಾನು ಮುಖ ನೋಡಿರದ ಹತ್ತು ಹೆಂಗಸರ ಪಾಲೂ ಇದೆ. ಇನ್ನೊಬ್ಬರ ಪಾಲನ್ನು ತೆಗೆದು ನಮ್ಮವರಿಗೆ ಕೊಟ್ಟರೆ ಅದನ್ನು ಔದಾರ್ಯ ಎನ್ನಲಾಗದು.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹತ್ತಿರದ ಒಂದು ಪದ್ಧತಿ ಇದೆ, ಮುಯ್ಯಿ. ಅವರ ಮನೆ ಮದುವೆಗೆ ನಾವು ಕೊಟ್ಟದ್ದನ್ನು ನಮ್ಮ ಮನೆ ಮದುವೆಗೆ ಅವರು ತೀರಿಸುತ್ತಾರೆ; ಅವರ ಗದ್ದೆಗೆ ನಾವು ಮುಯ್ಯಾಳಾಗಿ ಹೋದರೆ ನಮ್ಮ ನಾಟಿಗೆ ಅವರು ಬರುತ್ತಾರೆ. ‘ನಿಮ್ಮ ಮಗುವಿಗೆ ನಾವು ಓಟು ಹಾಕಿರಲಿಲ್ಲವೇ’ ಎಂಬ ದಾಕ್ಷಿಣ್ಯದ ಹಿಂದೆ ಇರುವುದು ಇದೇ ಲೆಕ್ಕ. ಭಗವದ್ಗೀತೆಯ 17ನೇ ಅಧ್ಯಾಯವಂತೂ ತಿರುಗಿ ಉಪಕಾರ ಮಾಡಲಾರದವರಿಗೆ ದೇಶ, ಕಾಲ, ಪಾತ್ರ ನೋಡಿ ಕೊಟ್ಟದ್ದನ್ನು ಮಾತ್ರ ಸಾತ್ವಿಕ ದಾನ ಎನ್ನುತ್ತದೆ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಆ ತಕ್ಕಡಿಗೆ ಹಾಕಿದರೆ ಮುಯ್ಯಿಯೇ ರಾಜಸವಾಗುತ್ತದೆ. ಇದು ತೀರಾ ಬಿಗಿಯಾಯಿತೇನೋ. ಮುಯ್ಯಿ ಇಲ್ಲದಿದ್ದರೆ ಎಷ್ಟೋ ಬಡವರ ಮನೆಯ ಮದುವೆಗಳು ನಡೆಯುತ್ತಲೇ ಇರಲಿಲ್ಲ. ಆದರೆ ಮುಯ್ಯಿಗೂ ಒಂದು ಕಟ್ಟುಪಾಡಿದೆ: ಕೊಡುವುದು ಸ್ವಂತ ದುಡ್ಡು, ಸ್ವಂತ ಬೆವರು. ಪಂಚಾಯಿತಿ ಕಟ್ಟೆಯ ಮೇಲೆ ಕೂತು ಮುಯ್ಯಿಗೆಂದು ಸಾಕ್ಷಿ ಹೇಳಿದವನನ್ನು ಊರು ಬೇರೆಯೇ ಹೆಸರಿನಿಂದ ಕರೆಯುತ್ತದೆ.

ಹಾಗೆಂದು ಪರಿಚಯವನ್ನೇ ಪಕ್ಷಪಾತವೆಂದು ತಳ್ಳಿಹಾಕುವುದು ಸರಿಯಲ್ಲ. ಪರಿಚಯ ಒಂದು ಬಗೆಯ ಜ್ಞಾನ. 1980ರ ದಶಕದಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಸಣ್ಣ ಉಳಿತಾಯ ಗುಂಪುಗಳು ನಿಂತದ್ದೇ ಈ ಜ್ಞಾನದ ಮೇಲೆ. ಅಡವಿಡಲು ಜಮೀನು ಒಡವೆ ಇಲ್ಲದ ಹೆಂಗಸಿನ ಬಗ್ಗೆ ಬ್ಯಾಂಕಿಗೆ ಏನೂ ತಿಳಿಯದು. ಅವಳು ಸಾಲ ತೀರಿಸುವವಳೋ ಅಲ್ಲವೋ, ಗಂಡ ದುಡ್ಡು ಕಿತ್ತುಕೊಳ್ಳುತ್ತಾನೋ ಇಲ್ಲವೋ, ಪಕ್ಕದ ಮನೆಯವಳಿಗೆ ಗೊತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಅದೇ ದಾರಿ ಹಿಡಿಯಿತು. ಕೆಂಗೇರಿಯಿಂದ ಬಹುದೂರವಲ್ಲದ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿರುವ ‘ಅವೇಕ್’, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ, 1983ರಲ್ಲಿ ಹುಟ್ಟಿದ್ದೂ ಉದ್ಯಮದ ಕಷ್ಟ ಸ್ವತಃ ಉಂಡ ಹೆಂಗಸರು ಹೊಸಬರ ಕೈಹಿಡಿಯಬೇಕೆಂದು. ಇಲ್ಲೆಲ್ಲ ಪರಿಚಯ ಸತ್ಯವನ್ನು ಹೊರಗೆ ತರುತ್ತದೆ. ಕಂತು ಕಟ್ಟದವಳನ್ನು ಗುಂಪು ಗೆಳತಿಯೆಂದು ಸುಮ್ಮನೆ ಬಿಡುವುದಿಲ್ಲ, ಕೇಳುತ್ತದೆ. ಆನ್‌ಲೈನ್ ಓಟಿನಲ್ಲಿ ಪರಿಚಯಕ್ಕೆ ಆ ಕೆಲಸವೇ ಇಲ್ಲ. ಉಳಿದ ರಂಗೋಲಿಗಳನ್ನು ತೆರೆದೂ ನೋಡದೆ ಬೆರಳು ಒತ್ತಿಬಿಡುತ್ತದೆ.

ಕೊಳ್ಳುವ ಕಡೆಗೂ ಒಂದು ರೋಗವಿದೆ, ಅದು ಓಟಿನ ರೋಗಕ್ಕಿಂತ ಹಳೆಯದು. ‘ನಮ್ಮವರೇ ಅಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.’ ಸೀರೆಗೆ ಕುಚ್ಚು ಹಾಕುವವಳು, ರವಿಕೆ ಹೊಲಿಯುವವಳು, ನಿಪ್ಪಟ್ಟು ಚಕ್ಕುಲಿ ಕರಿಯುವವಳು ಈ ಮಾತು ಕೇಳದ ದಿನ ಅಪರೂಪ. ಮಾಲ್‌ನಲ್ಲಿ ಚೀಟಿ ಅಂಟಿಸಿದ ಬೆಲೆಗೆ ತುಟಿಬಿಚ್ಚದವರು ಪರಿಚಿತಳ ಮುಂದೆ ಚೌಕಾಸಿಗೆ ನಿಲ್ಲುತ್ತಾರೆ. ಅವಳು ಎಣ್ಣೆ, ಗ್ಯಾಸು, ಹಿಟ್ಟಿನ ಲೆಕ್ಕ ಹಾಕಿ ತನ್ನ ರಟ್ಟೆಯ ಕೂಲಿಯನ್ನು ಬಿಟ್ಟೇ ಬೆಲೆ ಹೇಳಿರುತ್ತಾಳೆ; ಅದರಲ್ಲೂ ಕಡಿತ. ಬೆಂಬಲದ ಹೆಸರಿನಲ್ಲಿ ಇಲ್ಲಿ ಕೊಡುವವಳು ಅವಳೇ. ಇದಕ್ಕೆ ತದ್ವಿರುದ್ಧವಾದ ತಪ್ಪೆಂದರೆ ಕನಿಕರಕ್ಕೆ ಕೊಳ್ಳುವುದು: ಹಪ್ಪಳಕ್ಕೆ ಉಪ್ಪು ಜಾಸ್ತಿ ಎಂದು ಹೇಳದೆ ‘ಸೂಪರ್’ ಎಂದು ಬರೆದು, ಮುಂದಿನ ಸಲ ಸದ್ದಿಲ್ಲದೆ ಬೇರೆ ಕಡೆ ತರಿಸುವುದು. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗಬೇಕು. ಕಲ್ಯಾಣದ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ದುರಾಸೆಯ ವಿರುದ್ಧದ ಪಾಠವಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಇನ್ನೊಂದು ಕೇಳಿಸುತ್ತದೆ: ದುಡಿಮೆಗೆ ಮೀರಿ ಬಂದ ಉಪಕಾರ ದುಡಿಯುವವಳ ಮರ್ಯಾದೆಗೆ ಕಡಿಮೆ. ಅವಳಿಗೆ ಬೇಕಾದದ್ದು ಕಾಯಕದ ಬೆಲೆ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಭತ್ತ ಕುಟ್ಟಿದ ಕೊಟ್ಟಣದ ಸೋಮವ್ವೆ, ನೂಲು ತೆಗೆದ ಕದಿರ ರೆಮ್ಮವ್ವೆ ಶರಣರ ಸಾಲಿನಲ್ಲಿ ನಿಂತದ್ದು ದುಡಿಮೆಯಿಂದ, ಯಾರ ಪರಿಚಯದಿಂದಲೂ ಅಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು ಹಗುರ: ರಂಗೋಲಿ ಸ್ಪರ್ಧೆಗೆ ಇಷ್ಟೆಲ್ಲ ಧರ್ಮಶಾಸ್ತ್ರ ಬೇಕೇ, ಎಲ್ಲರೂ ತಮ್ಮವರಿಗೇ ಹಾಕುವುದಲ್ಲವೇ ಎಂದು. ಯಾರನ್ನು ಇಷ್ಟಪಡುತ್ತೀರಿ ಎಂದೇ ಕೇಳುವ ಆಟಗಳಲ್ಲಿ, ಬಿಗ್ ಬಾಸ್ ಅಂಥದ್ದು, ಪ್ರೀತಿಯೇ ಸರಿಯಾದ ಉತ್ತರ. ಅಲ್ಲಿ ನನ್ನ ತಕರಾರಿಲ್ಲ. ಯಾವುದು ಉತ್ತಮ ಎಂದು ಕೇಳಿದಾಗ ಅದೇ ಉತ್ತರ ಸುಳ್ಳುಸಾಕ್ಷಿಯಾಗುತ್ತದೆ. ಎಲ್ಲರೂ ಹಾಗೆ ಮಾಡಿದರೆ ಗೆಲ್ಲುವುದು ರಂಗೋಲಿಯಲ್ಲ, ಮೊಬೈಲಿನಲ್ಲಿರುವ ನಂಬರುಗಳ ಸಂಖ್ಯೆ. ಊರಿಗೆ ಹೊಸದಾಗಿ ಬಂದವಳು, ಬಾಡಿಗೆ ಮನೆಯವಳು ಮೊದಲೇ ಸೋತಿರುತ್ತಾಳೆ.

ಎರಡನೆಯದು ಭಾರವಾದದ್ದು, ಅದು ನನ್ನ ವಾದದ ಇನ್ನೊಂದು ಅರ್ಧಕ್ಕೇ ಪೆಟ್ಟು ಕೊಡುತ್ತದೆ. ದುಡ್ಡು ನನ್ನದು, ಪ್ರೀತಿಸಿದವರಿಗೆ ಕೊಡುತ್ತೇನೆ ಎನ್ನುತ್ತೀರಿ. ಆದರೆ ನಮ್ಮ ಸಮಾಜದಲ್ಲಿ ‘ನಮ್ಮವರು’ ಎಂದರೆ ಬಹುಪಾಲು ನಮ್ಮ ಜಾತಿಯವರು, ಅದರಲ್ಲೂ ತಿನ್ನುವ ವಸ್ತುವಿನ ವಿಷಯದಲ್ಲಿ. ಯಾರ ಕೈಯ ಹೋಳಿಗೆ ಎಂದು ವಿಚಾರಿಸಿ ಕೊಳ್ಳುವ ಮನೆಗಳು ಇನ್ನೂ ಇವೆ. ಇದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಹಾಗೆಂದು ‘ನಮ್ಮವರು’ ಎಂಬುದನ್ನೇ ಬಿಟ್ಟುಬಿಡಬೇಕೇ? ಇಂಗ್ಲೆಂಡಿನ ಚಿಂತಕ ವಿಲಿಯಂ ಗಾಡ್ವಿನ್ 1793ರಲ್ಲಿ ಬರೆದ ಗ್ರಂಥದಲ್ಲಿ, ಬೆಂಕಿಬಿದ್ದ ಮನೆಯಿಂದ ಒಬ್ಬರನ್ನೇ ಉಳಿಸಬಹುದಾದರೆ ಲೋಕಕ್ಕೆ ಹೆಚ್ಚು ಬೇಕಾದವರನ್ನು ಉಳಿಸು, ಬೆಂಕಿಯಲ್ಲಿ ಬಿಡಬೇಕಾದವಳು ನಿನ್ನ ತಾಯಿಯೇ ಆದರೂ ಸರಿ ಎಂದ. ಅಷ್ಟು ದೂರ ಹೋಗಲು ನನಗಾಗದು. ತಾಯಿಗೆ ಬೆನ್ನು ತಿರುಗಿಸಿದವನು ಲೋಕವನ್ನು ಉಳಿಸುತ್ತಾನೆಂದು ನಂಬುವುದೂ ಕಷ್ಟ. ನಮ್ಮ ಪರಂಪರೆ ಇದಕ್ಕೆ ಬೇರೆ ದಾರಿ ಹುಡುಕಿತ್ತು. ಬಂಧುವಿನ ಪಕ್ಕದಲ್ಲೇ ಅತಿಥಿಗೂ ಎಲೆ ಹಾಕಿಸಿತು. ಅತಿಥಿ ಎಂದರೆ ಹೇಳಿಕೇಳಿ ಬಾರದವನು, ಪರಿಚಯದ ಹಂಗಿಲ್ಲದವನು. ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ನಮ್ಮವ’ ಎಂಬ ಮಾತಿನ ಅಂಗಳವನ್ನೇ ಹಿಗ್ಗಿಸಿದರು. 2007ರವರೆಗೆ ಪುರಸಭೆಯಾಗಿದ್ದ ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂತು. ಇಂಥ ಊರಿನಲ್ಲಿ ಹಳಬರಿಗಿಂತ ಹೊಸಬರೇ ದಿನದಿನಕ್ಕೆ ಹೆಚ್ಚು. ರೊಟ್ಟಿ ತಟ್ಟಿ ಮಾರುವ ಉತ್ತರ ಕರ್ನಾಟಕದ ಹೆಂಗಸಿಗೆ ಇಲ್ಲಿ ನೆಂಟರಿಲ್ಲ, ಗುಂಪಿಲ್ಲ. ಪರಿಚಿತಳಿಂದ ಕೊಳ್ಳುವ ಸ್ವಾತಂತ್ರ್ಯ ನನಗಿದ್ದರೆ, ಪರಿಚಯ ಬೆಳೆಸಿಕೊಳ್ಳುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ಎರಡನೇ ಸಲ ಕೊಂಡಾಗ ಅವಳೂ ಪರಿಚಿತಳೇ.

ಆದ್ದರಿಂದ ಮುಂದಿನ ಲಿಂಕ್ ಬಂದಾಗ ಎಲ್ಲ ರಂಗೋಲಿಗಳನ್ನೂ ನೋಡಿ ಆಮೇಲೆ ಒತ್ತಿ. ಅಷ್ಟು ಬಿಡುವಿಲ್ಲದಿದ್ದರೆ ಒತ್ತಬೇಡಿ. ಕಳಿಸಿದವರ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುತ್ತಿದ್ದರೆ ಅರ್ಧ ಕೆಜಿ ತರಿಸಿಕೊಳ್ಳಿ, ಅವರು ಹೇಳಿದ ಬೆಲೆಗೆ.