ಖಾಲಿ ಪಟ್ಟಿಯ ಸುಳ್ಳು

‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ. ಇದು ಮಕ್ಕಳಿಗೂ ಗೊತ್ತು. ಆದರೂ ಒಮ್ಮೆ ನಾನು ಬರೆದ ನಾಲ್ಕು ಸಾಲು ಕೋಡ್ ಎರಡನ್ನೂ ಒಂದು ಮಾಡಿಬಿಟ್ಟಿತ್ತು.

ಪುಣೆಯಲ್ಲಿ ಆಸ್ಪತ್ರೆಯೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದ ದಿನಗಳವು. ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬ ಪಟ್ಟಿಯನ್ನು ಸರ್ವರ್‌ನಿಂದ ತರುವ ಫಂಕ್ಷನ್ ನನ್ನದು. ಸರ್ವರ್ ಉತ್ತರಿಸದಿದ್ದರೆ ಡಾಕ್ಟರ ಕೆಲಸ ನಿಲ್ಲಬಾರದೆಂದು ಎಕ್ಸೆಪ್ಶನ್ ಹಿಡಿದು ಖಾಲಿ ಪಟ್ಟಿ ವಾಪಸು ಕಳಿಸಿದ್ದೆ. ಒಂದು ಸಂಜೆ ಸರ್ವರ್ ಮಲಗಿತು. ಪರದೆಯ ಮೇಲೆ ‘ಅಲರ್ಜಿ ಇಲ್ಲ’ ಎಂದು ಮೂಡಿತು. ಪೆನಿಸಿಲಿನ್‌ಗೆ ಚೀಟಿ ಬರೆದೂ ಆಗಿತ್ತು. ‘ಅದು ನನಗೆ ಆಗಿಬರಲ್ಲ’ ಎಂದು ರೋಗಿಯೇ ಹೇಳಿದ್ದರಿಂದ ಅನಾಹುತ ತಪ್ಪಿತು. ಆ ಹೊತ್ತಿಗೆ ಅವರಿಗೆ ಪ್ರಜ್ಞೆ ಇರದಿದ್ದರೆ?

ನಾನು ಸುಳ್ಳು ಹೇಳಿದೆನೇ? ಮೋಸ ಮಾಡುವ ಉದ್ದೇಶವಿರಲಿಲ್ಲ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಆದರೆ ಉತ್ತರ ನನ್ನ ಬಳಿ ಇಲ್ಲವೆಂದು ತಿಳಿದೂ ಉತ್ತರದ ಹಾಗೆ ಕಾಣುವುದೊಂದನ್ನು ಕೊಟ್ಟಿದ್ದೆ. ಅದು ಸುಳ್ಳಲ್ಲದೆ ಇನ್ನೇನು?

1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ಸೇರಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ಸೇರಿಸಿದ್ದೇಕೆಂದರೆ, ಅದು ಅಷ್ಟು ಸುಲಭವಾಗಿತ್ತಂತೆ. ನನ್ನ ಖಾಲಿ ಪಟ್ಟಿಯೂ ಸುಲಭವಾಗಿಯೇ ಇತ್ತು.

ಆಮೇಲೆ ಹ್ಯಾಸ್ಕೆಲ್ ಕಲಿತೆ. ಅಲ್ಲಿ ಈದರ್ ಎಂಬ ಟೈಪ್ ಇದೆ: ರೂಢಿಯಂತೆ ಎಡಕ್ಕೆ ದೋಷ, ಬಲಕ್ಕೆ ಉತ್ತರ. ಫಂಕ್ಷನ್ ಸೋಲಬಹುದು ಎಂಬುದು ಅದರ ಸಹಿಯಲ್ಲೇ ಇರುತ್ತದೆ. ಪಟ್ಟಿ ಬೇಕೆಂದವರು ಪೆಟ್ಟಿಗೆ ಬಿಚ್ಚಲೇಬೇಕು, ಎಡಕ್ಕೆ ಏನು ಮಾಡುವುದೆಂದು ತೀರ್ಮಾನಿಸಲೇಬೇಕು. ಇನ್ನು ನಾನು ಪ್ರಾಮಾಣಿಕ ಎಂದುಕೊಂಡೆ.

ಅದೂ ಅರ್ಧ ಸತ್ಯವೇ. ಫ್ರಮ್‌ರೈಟ್ ಎಂಬ ಪುಟ್ಟ ಫಂಕ್ಷನ್‌ಗೆ ಖಾಲಿ ಪಟ್ಟಿ ಕೊಟ್ಟರೆ ಸಾಕು, ಹಳೆಯ ಸುಳ್ಳು ಒಂದೇ ಸಾಲಿನಲ್ಲಿ ಹಾಜರು. ಇನ್ನೊಂದು ಜಾಣತನವೂ ಇದೆ: ದೋಷವನ್ನು ಮುಟ್ಟದೆ ಮೇಲಿನವರಿಗೆ ದಾಟಿಸುತ್ತಾ ಹೋಗುವುದು. ಕೋಡ್ ನೋಡಲು ಚೆಂದ, ‘ನಾನು ತಿಳಿಸಿದ್ದೆನಲ್ಲ’ ಎನ್ನಲು ಅನುಕೂಲ. ಕಚೇರಿಗಳಲ್ಲಿ ಕಡತ ದಾಟಿಸುವವರೂ ಹೀಗೇ ಅಲ್ಲವೇ? ಟೈಪ್ ನನ್ನನ್ನು ತಡೆದು ಕೇಳಬಲ್ಲದು. ಉತ್ತರಿಸಬೇಕಾದವನು ನಾನೇ.

ದಾಟಿಸುವುದು ತಪ್ಪೆಂದಲ್ಲ. ರೋಗಿಯ ವಿಷಯ ನಿರ್ಧರಿಸಲು ಕೆಳಗಿನ ಫಂಕ್ಷನ್‌ಗೆ ಅಧಿಕಾರವಿಲ್ಲ, ಅದು ದಾಟಿಸಲೇಬೇಕು. ಆದರೆ ಕೊನೆಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನಿಗೆ ಅರ್ಥವಾಗುವ ಮಾತು ತಲುಪುವವರೆಗೆ ನನ್ನ ಕೆಲಸ ಮುಗಿದಿಲ್ಲ.

ಆ ಪರದೆಯನ್ನು ತಿದ್ದಿದೆ. ಈಗ ಸರ್ವರ್ ಮಲಗಿದರೆ ಅದು ಹೇಳುವುದು ಇಷ್ಟೇ: ‘ಮಾಹಿತಿ ಸಿಗಲಿಲ್ಲ. ರೋಗಿಯನ್ನೋ ಮನೆಯವರನ್ನೋ ಕೇಳಿ.’