ಬರುವವರು, ಹೋಗುವವರು

ವಿಶ್ವವಿದ್ಯಾನಿಲಯದ ಒಂದು ವಿಭಾಗವೆಂದರೆ ಏನು? ಕಟ್ಟಡವೆನ್ನೋಣವೆಂದರೆ ಅದು ಬದಲಾಗುವುದುಂಟು. ಅಧ್ಯಾಪಕರೆನ್ನೋಣವೆಂದರೆ ಅವರು ವರ್ಗವಾಗಿಯೋ ನಿವೃತ್ತರಾಗಿಯೋ ಹೊರಡುವರು. ವಿದ್ಯಾರ್ಥಿಗಳಾದರೋ ಎರಡು ಮೂರು ವರ್ಷಗಳ ಅತಿಥಿಗಳು. ಆದರೂ ನಾವು ಅದನ್ನು ಅದೇ ವಿಭಾಗವೆಂದು ಕರೆಯುತ್ತೇವೆ. ಹಾಗಾದರೆ ಅಲ್ಲಿ ನಿಲ್ಲತಕ್ಕದ್ದು ಯಾವುದು? ಹೋಗುವವರಿಗೆ ಉಳಿದವರು ಸಲ್ಲಿಸಬೇಕಾದುದು ಏನು?

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಎರಡು ವರ್ಷಗಳ ತರುವಾಯ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ೧೯೨೧ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು ಹೊರಟರು. ಆ ದಿನ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಅವರನ್ನು ಕುಳ್ಳಿರಿಸಿ, ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದುದು ಪ್ರಸಿದ್ಧವಾದ ಸಂಗತಿ. ಇಲ್ಲಿ ವಿಚಾರಮಾಡತಕ್ಕ ಅಂಶವೊಂದುಂಟು. ಅವರು ಹೋದುದರಿಂದ ನಷ್ಟವಾದದ್ದು ಯಾರಿಗೆ? ಗಾಡಿಯನ್ನೆಳೆದ ಆ ತರುಣರಿಗೇ ಅಲ್ಲವೆ? ತಮಗೆ ನಷ್ಟವನ್ನು ತರುವ ಪ್ರಯಾಣಕ್ಕೆ ಅವರೇ ಹೆಗಲು ಕೊಟ್ಟರು. ಗುರುವನ್ನು ಪ್ರೀತಿಸುವುದು ಬೇರೆ, ಆತನನ್ನು ತಮ್ಮ ಸೊತ್ತೆಂದು ಭಾವಿಸುವುದು ಬೇರೆ ಎಂಬುದನ್ನು ಅವರು ತರ್ಕವಿಲ್ಲದೆಯೇ ಅರಿತಿದ್ದರು.

ಅದೇ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸಿದ ಎಂ. ಹಿರಿಯಣ್ಣನವರು ನಿವೃತ್ತರಾದ ಮೇಲೆ, ೧೯೩೨ರಲ್ಲಿ, ಭಾರತೀಯ ದರ್ಶನಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಪ್ರಕಟವಾಯಿತು. ಅದು ಬಹುಕಾಲದ ತರಗತಿಯ ಪಾಠಗಳಿಂದ ಬೆಳೆದುದು. ಪಾಠವನ್ನು ಕೇಳಿದವರೂ ಹೊರಟುಹೋಗಿದ್ದರು, ಹೇಳಿದವರೂ ಹೊರಬಂದಿದ್ದರು. ಪಾಠವು ಮಾತ್ರ ಉಳಿಯಿತು. ಕನ್ನಡದ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ೧೯೩೯ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಬಳಿಕ ಅವರ ಶಿಷ್ಯರಾದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು. ಮರಣವೆಂಬ ನಿರ್ಗಮನವೂ ಆ ಋಣವನ್ನು ಅಳಿಸಲಿಲ್ಲ.

ಇದೆಲ್ಲ ದೊಡ್ಡವರ ಮಾತಾಯಿತೆಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆಯು ನ್ಯಾಯವಾದುದೇ. ಇಂದು ಅನೇಕ ವಿಭಾಗಗಳಲ್ಲಿ ಅತಿಥಿ ಉಪನ್ಯಾಸಕರೆಂಬ ಹೆಸರಿನವರು ವರ್ಷದ ಮಟ್ಟಿಗೆ ಬಂದು ಪಾಠ ಹೇಳುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅವರು ಮತ್ತೆ ಬರುವರೋ ಇಲ್ಲವೋ ಬಲ್ಲವರಿಲ್ಲ. ಅವರಿಗೆ ಹಾರವೂ ಇಲ್ಲ, ಬೀಳ್ಕೊಡುಗೆಯ ಭಾಷಣವೂ ಇಲ್ಲ. ಅತಿಥಿಯೆಂದು ಕರೆದು, ಅತಿಥಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು ಎಂತಹ ಧರ್ಮ? ಅರ್ಧದಲ್ಲಿಯೇ ಓದನ್ನು ಬಿಟ್ಟುಹೋದ ಬಡ ವಿದ್ಯಾರ್ಥಿಯ ಪಾಡೂ ಇದೇ. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದರೆ ಅವನ ಕಥೆ ಮುಗಿಯಿತು.

ಕೀರ್ತಿವಂತರನ್ನು ಗೌರವದಿಂದ ಕಳುಹಿಸುವುದು ಕಷ್ಟವಲ್ಲ. ಅದರಲ್ಲಿ ನಮಗೂ ಒಂದು ಪಾಲು ಕೀರ್ತಿಯುಂಟು. ಹೆಸರಿಲ್ಲದವರನ್ನು ಹೇಗೆ ಕಳುಹಿಸುತ್ತೇವೆಂಬುದೇ ನಮ್ಮ ಕೃತಜ್ಞತೆಯ ಒರೆಗಲ್ಲು. ಅದಕ್ಕೆ ಸಮಾರಂಭವೇ ಬೇಕೆಂದಿಲ್ಲ. ಪಾಠದ ನಡುವೆ “ಇದನ್ನು ನಾನು ಇಂಥವರಿಂದ ಕಲಿತೆ” ಎಂದು ಹೆಸರು ಹಿಡಿದು ಹೇಳಿದರೂ ಸಾಕು. ವಿಭಾಗದಲ್ಲಿ ನಿಲ್ಲತಕ್ಕದ್ದು ಈ ಋಣದ ಅರಿವೊಂದೇ. ಅದು ತಪ್ಪಿದರೆ ಉಳಿಯುವುದು ಬರಿಯ ಕಟ್ಟಡ.